ಬರಿಗಾಲಿನ ಹರಕೆ

ಸಮೇತನಹಳ್ಳಿ
೧೦ನೇ ಜೂನ್ ೧೯೪೫

ಪ್ರೀತಿಯ ತಮ್ಮ ರಾಮಾಂಜಿಗೆ, ನಿನ್ನ ಅಕ್ಕ ಮಾಡುವ ಆಶೀರ್ವಾದಗಳು.

ಮೈ ಹುಷಾರಾಗಿದೆಯಾ? ಆ ಕಾಡಿನಲ್ಲಿ ಹಿಡಿದ ಜ್ವರ ಪೂರ್ತಿ ಬಿಟ್ಟಿತೋ ಇಲ್ಲವೋ? ಪಟಾಲಮಿನಲ್ಲಿ ಹೊಟ್ಟೆ ತುಂಬ ಹಾಕುತ್ತಾರಾ? ನೀನೋ, ಮುದ್ದೆಯಿಲ್ಲದಿದ್ದರೆ ಮುಖ ಊದಿಸುವವನು.

ಅಪ್ಪನ ಸುದ್ದಿ ಬರೆಯಲು ಕೈ ಬರುತ್ತಿಲ್ಲ. ನೀನು ಯುದ್ಧಕ್ಕೆಂದು ಪಟಾಲಮಿಗೆ ಸೇರಿದಾಗ, ತಿರುಗಿ ಬರುವವರೆಗೆ ಸಿಹಿ ಮುಟ್ಟುವುದಿಲ್ಲವೆಂದು ಅವರು ವೆಂಕಟರಮಣಸ್ವಾಮಿಗೆ ಹರಕೆ ಹೊತ್ತದ್ದು ನಿನಗೆ ಗೊತ್ತಲ್ಲ. ಬೆಲ್ಲದ ಅಚ್ಚು ಕಂಡರೆ ಮಗುವಿನಂತೆ ಕೈ ಚಾಚುತ್ತಿದ್ದವರು, ಯುಗಾದಿಯ ಒಬ್ಬಟ್ಟನ್ನು ಬರೀ ನೋಡಿ ಎದ್ದುಹೋದರು. ಅಷ್ಟರಲ್ಲಿ ಹೊಸಕೋಟೆಯ ಡಾಕ್ಟರು ಸಿಹಿಮೂತ್ರದ ಕಾಯಿಲೆ ಎಂದರು. ಪಂಡಿತ ಕೊಂಡಪ್ಪನವರು ನಂದಿಬೆಟ್ಟದ ಕಡೆಯಿಂದ ಮಧುನಾಶಿನಿ ಎಲೆ ತಂದುಕೊಟ್ಟು, ದಿನಾ ಬೆಳಗ್ಗೆ ಅಗಿಯಲು ಹೇಳಿದರು. ಜೊತೆಗೆ ನೇರಳೆ ಬೀಜದ ಪುಡಿ. ಅಲ್ಲಿಗೆ ನನ್ನ ಬಾಯಿ ಸುಮ್ಮನಿರಬೇಕಲ್ಲ! ನಾನೂ ಒಂದು ಎಲೆ ಅಗಿದು, ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು, "ಅಪ್ಪಾ, ಈ ಎಲೆ ಅಗಿದ್ಮೇಲೆ ಬೆಲ್ಲ ಮಣ್ಣು ತಿಂದಂಗೈತೆ, ಇನ್ನು ನಿಂಗೆ ಸಿಹಿ ಆಸೆನೇ ಇರಲ್ಲ ಬಿಡು" ಎಂದು ನಕ್ಕುಬಿಟ್ಟೆ. ಅವರು ನಗಲಿಲ್ಲ. "ಆಸೆನೇ ಇಲ್ದಿದ್ಮೇಲೆ ಅದ್ಯಾವ ಹರಕೆ ಕಣಮ್ಮ? ಔಷ್ದಿಗೆ ಬಿಟ್ಟಿದ್ನ ದೇವ್ರು ಒಪ್ತಾನಾ?" ಎಂದರು. ಮಾರನೇ ದಿನವೇ ಎಕ್ಕಡ ಕಳಚಿ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದರು. ನೀನು ಬರುವವರೆಗೆ ಬರಿಗಾಲಂತೆ.

ಹೊಲದಲ್ಲಿ ಜಾಲಿ ಮುಳ್ಳು ಹೊಕ್ಕಿತು. ಈ ಕಾಯಿಲೆಯವರಿಗೆ ಗಾಯ ಬೇಗ ಮಾಯುವುದಿಲ್ಲವಂತೆ. ಬರೀ ಎಲೆ ನಂಬಿಕೊಂಡು ಕೂತಿರಲ್ಲ, ಸೂಜಿ ಔಷಧಿ ಮೊದಲೇ ಕೊಡಿಸಬೇಕಿತ್ತು ಎಂದು ಡಾಕ್ಟರು ಬೈದರು. ಈಗ ಪಾದ ಕಪ್ಪಾಗಿದೆ. ಬೆಂಗಳೂರಿಗೆ ಕರೆದೊಯ್ದು ಕಾಲು ತೆಗೆಸದಿದ್ದರೆ ಜೀವಕ್ಕೇ ಅಪಾಯವಂತೆ. ಅಪ್ಪ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಕಾಲೇ ಹೋದ್ರೆ ಬರಿಗಾಲಲ್ಲಿ ನಡೆಯೋದೆಂಗೆ? ಹರಕೆ ಮುರ್ದು ನನ್ ಮಗನ್ಗೇನಾದ್ರೂ ಆದ್ರೆ?" ಆ ಎಲೆಯ ರುಚಿಯನ್ನು ನಾನು ಯಾಕಾದರೂ ನೋಡಿದೆನೋ ತಮ್ಮಾ. ಸುಮ್ಮನಿದ್ದಿದ್ದರೆ ಅಪ್ಪನ ಕಾಲು ಉಳಿಯುತ್ತಿತ್ತು.

ಆ ವೆಂಕಟರಮಣ ನಿನ್ನನ್ನು ಕಾಯಲಿ. ಮಕ್ಕಳು ಮಾವನನ್ನು ಕೇಳುತ್ತಲೇ ಇರುತ್ತಾರೆ.

ನಿನ್ನ ಅಕ್ಕ,
ಲಕ್ಷ್ಮೀದೇವಮ್ಮ

ಮತ್ತೆ: ಗಾಡಿ ಕಟ್ಟಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬೇರೆ ದಾರಿ ಕಾಣದೆ, ನೀನು ಬೆಂಗಳೂರಿಗೆ ಬಂದಿಳಿದಿದ್ದೀಯ, ಆಸ್ಪತ್ರೆಯ ಬಾಗಿಲಲ್ಲೇ ಸಿಗುತ್ತೀಯ ಎಂದು ಅಪ್ಪನಿಗೆ ಸುಳ್ಳು ಹೇಳಿಬಿಟ್ಟೆ. ತಕ್ಷಣ ಎಕ್ಕಡ ತರಿಸಿದರು. ಊದಿದ ಕಾಲಿಗೆ ಹಿಡಿಸಲಿಲ್ಲ. ಒಂದನ್ನು ಮೆಟ್ಟಿಕೊಂಡು, ಇನ್ನೊಂದನ್ನು ತೊಡೆಯ ಮೇಲಿಟ್ಟುಕೊಂಡು ಗಾಡಿಯಲ್ಲಿ ಕೂತಿದ್ದಾರೆ. ಇವತ್ತು ಎಲೆ ಬೇಡವೆಂದರು. ನಿನ್ನ ಮುಖ ಕಂಡ ಮೇಲೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾರಂತೆ, ಅದು ಸಿಹಿಯಾಗಿರಬೇಕಂತೆ. ಹೇಗಾದರೂ ರಜ ಬೇಡಿಕೊಂಡು ಬಾರೋ.