ಹೆಸರಿಲ್ಲದೆ ಬಂದ ರಕ್ತ

ಕುಷ್ಟಗಿ ಸೀಮೆ,
ಕ್ರಿ.ಶ. 2163, ಕಾರ್ತಿಕ ಬಹುಳ ಪಂಚಮಿ

ರೋಗಿಗಳ ವಿವರವನ್ನು ಮೊದಲ ಸಲ ಕಂಪ್ಯೂಟರಿಗೆ ಸೇರಿಸುತ್ತಿರುವ ದಾದಿಯರಿಗೂ ವೈದ್ಯರಿಗೂ ನಮಸ್ಕಾರ.

ನಾನು ಶಾಹೀನ್ ನದಾಫ್, ಇಲ್ಲಿನ ಆರೋಗ್ಯ ಕೇಂದ್ರದಲ್ಲಿ ದಾದಿ. ನಿಮಗೂ ನನಗೂ ನಡುವೆ ಐದಾರು ತಲೆಮಾರು ಕಳೆದಿವೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ; ಬಂದ ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಿಮ್ಮ ಬಾಗಿಲ ಮುಂದೆ ಸಾಲು ಬೆಳೆಯುತ್ತಿರುವಾಗ ಒಳಗೆ ಪರದೆ ತೆರೆಯದೆ ಸತಾಯಿಸುತ್ತಿತ್ತೆಂದೂ, ಹಳೆಯ ಚೀಟಿಯೇ ವಾಸಿಯಿತ್ತೆಂದು ನೀವು ಬೇಸರಪಡುತ್ತಿದ್ದಿರೆಂದೂ ಕೇಳಿಬಲ್ಲೆ. ಆ ಬೇಸರದಲ್ಲೂ ನೀವು ಕೆಲಸ ಬಿಡಲಿಲ್ಲ. ಅದರಿಂದ ಏನಾಯಿತೆಂದು ತಿಳಿಸಲು ಬರೆಯುತ್ತಿದ್ದೇನೆ.

ನೀವು ಕಟ್ಟಿದ್ದನ್ನು ನಾವೀಗ ‘ಮೈಚರಿತೆ’ ಎನ್ನುತ್ತೇವೆ. ಹುಟ್ಟಿದಾಗಿನ ತೂಕದಿಂದ ಮುಪ್ಪಿನ ಮಂಡಿನೋವಿನವರೆಗೆ ಒಬ್ಬರ ಮೈಯ ಕಥೆಯೆಲ್ಲ ಅದರಲ್ಲಿರುತ್ತದೆ, ದೇಶದ ಯಾವ ಮೂಲೆಗೆ ಹೋದರೂ ಜೊತೆಗೆ ಬರುತ್ತದೆ. ಅದರ ಒಡೆತನ ಮಾತ್ರ ರೋಗಿಯದು. ಕೇಂದ್ರಕ್ಕೆ ಬಂದವರು ಮೊದಲು ನಮ್ಮೆದುರು ಕೂತು ಮಾತಾಡುತ್ತಾರೆ. ಯಾವ ಭಾಗ ತೆರೆಯಲಿ ಎಂದು ಆಮೇಲೆ ನಾವು ಕೇಳುತ್ತೇವೆ. ಹಲ್ಲುನೋವಿನವನು ಹಲ್ಲಿನ ಭಾಗ ತೆರೆಯುತ್ತಾನೆ, ಉಳಿದದ್ದು ಅವನಲ್ಲೇ ಇರುತ್ತದೆ. ಬಸುರಿಯರ ರಕ್ತದೊತ್ತಡ ಮನೆಯಿಂದಲೇ ನಮಗೆ ತಿಳಿಯುತ್ತದೆ. ಸಕ್ಕರೆ ಕಾಯಿಲೆಯವರ ಮಾತ್ರೆ ಮುಗಿಯುವ ಮುನ್ನ ‘ಹಾರುಗೂಡೆ’ ಅಂಗಳಕ್ಕಿಳಿದು ಹೊಸದನ್ನು ಇಟ್ಟು ಹೋಗುತ್ತದೆ. ಹಾರುಗೂಡೆಯೆಂದರೆ ತಾನಾಗಿ ಹಾರುವ ಬುಟ್ಟಿ, ನಿಮ್ಮ ಡ್ರೋನಿನ ಮರಿಮಗಳು.

ಇಷ್ಟಾದರೂ ಮೈಚರಿತೆಯಿಂದ ಹೊರಗುಳಿದವರು ಇದ್ದರು. ಕುರಿ ಹಿಂಡಿನೊಂದಿಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ನಡೆಯುತ್ತ, ಹೊಲ ಹೊಲದಲ್ಲಿ ಕುರಿ ತರುಬುತ್ತ, ಎಂದರೆ ಗೊಬ್ಬರಕ್ಕೆಂದು ರಾತ್ರಿ ಅಲ್ಲಿ ಕೂಡಿಹಾಕುತ್ತ, ಬದುಕುವ ಮಾಳವ್ವನ ಬಳಗ ಅಂಥದು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಮಾಳವ್ವ ತನ್ನ ಸೊಸೆ ಲಗಮವ್ವನನ್ನು ಕಂಬಳಿಯಲ್ಲಿ ಹೊರಿಸಿಕೊಂಡು ಬಂದಳು. ಲಗಮವ್ವ ಅವಳ ಸ್ವಂತ ತಮ್ಮನ ಮಗಳೂ ಹೌದು. ಗರ್ಭ ಜಾರಿ ರಕ್ತ ಹರಿಯುತ್ತಿತ್ತು.

“ಆಕಿ ಹೆಸರು ಕೇಳಬ್ಯಾಡ್ರಿ, ನಂಬರ್ ಕೇಳಬ್ಯಾಡ್ರಿ,” ಎಂದಳು ಮಾಳವ್ವ. “ರಕ್ತ ನಿಲ್ಲಿಸ್ರಿ, ಅಷ್ಟ ಸಾಕು.”

“ಕೇಳಂಗಿಲ್ಲ ಬಿಡವ್ವ. ಮೊದಲ ಒಳಗ ಕರಕೊಂಬಾ,” ಎಂದೆ.

ನಮ್ಮ ವೈದ್ಯೆ ಸುಮಿತ್ರಾ ಕಟ್ಟೀಮನಿ ರಕ್ತಸ್ರಾವವನ್ನು ತಡೆದರು. ಅಷ್ಟರಲ್ಲಿ ಲಗಮವ್ವನ ಮುಖ ಸುಣ್ಣದಂತಾಗಿತ್ತು, ರಕ್ತ ಕೊಡಲೇಬೇಕಿತ್ತು. ಪರೀಕ್ಷೆಯಲ್ಲಿ ಓ ಗುಂಪು ಎಂದು ಬಂತು. ಆದರೆ ನಮ್ಮಲ್ಲಿದ್ದ ಓ ರಕ್ತದ ಒಂದು ಚೀಲವೂ ಅವಳ ರಕ್ತಕ್ಕೆ ಹೊಂದಲಿಲ್ಲ. ಮತ್ತೆ ಪರೀಕ್ಷಿಸಿದಾಗ ಅದು ಬಾಂಬೆ ಗುಂಪು ಎಂದು ಗೊತ್ತಾಯಿತು. ಸಾವಿರಾರು ಜನರಲ್ಲಿ ಒಬ್ಬರಿಗಿರುವ ಗುಂಪು. ಓ ಎಂದೇ ತೋರುತ್ತದೆ, ಓ ಕೊಟ್ಟರೆ ಜೀವಕ್ಕೆ ಅಪಾಯ.

ಆಗ ‘ರಕ್ತಬಳಗ’ಕ್ಕೆ ಕರೆ ಕಳಿಸಿದೆವು. ಯಾರಿಗೆ ಬೇಕಾದರೂ ನೆರವಾಗಲೆಂದು ತಮ್ಮ ಮೈಚರಿತೆಯ ರಕ್ತದ ಭಾಗವನ್ನು ಇಡೀ ದೇಶಕ್ಕೆ ತೆರೆದಿಟ್ಟವರ ಕೂಟ ಅದು. ಕೊಟ್ಟವರ ಹೆಸರು ಪಡೆದವರಿಗೆ ತಿಳಿಯದು, ಪಡೆದವರದು ಕೊಟ್ಟವರಿಗೂ ತಿಳಿಯದು. ಗೋವೆಯಲ್ಲಿ ಒಬ್ಬರು ಸಿಕ್ಕರು. ಸೂರ್ಯ ಮುಳುಗುವ ಮೊದಲೇ ಹಾರುಗೂಡೆ ಅವರ ರಕ್ತವನ್ನು ನಮ್ಮ ಅಂಗಳಕ್ಕೆ ತಂದಿತು.

ಸೊಸೆಯ ತುಟಿಗೆ ಬಣ್ಣ ಬಂದ ಮೇಲೆ ಮಾಳವ್ವ ನನ್ನ ಪಕ್ಕ ಕೂತಳು. ತಮ್ಮವರು ಯಾಕೆ ದೂರ ಉಳಿದರೆಂದು ಅವಳಾಗಿಯೇ ಹೇಳಿದಳು. ಅವಳ ತಾಯಿಯ ಅಜ್ಜಿ ಹೆರಿಗೆ ನೋವಿನಲ್ಲಿ ಯಾವುದೋ ಊರ ಆಸ್ಪತ್ರೆಗೆ ಹೋಗಿದ್ದಳಂತೆ. ಯಂತ್ರದಲ್ಲಿ ನಿನ್ನ ಹೆಸರಿಲ್ಲ, ಸರ್ವರ್ ಬರುವವರೆಗೆ ಕಾಯಿ ಎಂದರಂತೆ. ಅವಳು ಗೇಟಿನ ಹೊರಗೇ ಹೆತ್ತಳು, ಕೂಸು ಉಳಿಯಲಿಲ್ಲ. “ಯಂತ್ರ ನಮ್ಮನ್ನ ಗುರುತಿಸಲಿಲ್ಲ. ನಾವೂ ಅದನ್ನ ಗುರುತಿಸೂದು ಬಿಟ್ವಿ,” ಎಂದಳು.

ಅದಕ್ಕೇ ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಈ ಕಂಪ್ಯೂಟರಿನ ಸೇವೆಯನ್ನು ಆದಷ್ಟು ಬೇಗ ಜನರ ನಡುವೆ ತನ್ನಿ, ಹಿಂಜರಿಯಬೇಡಿ. ಆದರೆ ಪರದೆ ತೆರೆಯದ ದಿನವೂ ಬಾಗಿಲು ತೆರೆದಿರಲಿ. ಒಮ್ಮೆ ಹೊರಗೆ ನಿಂತವರನ್ನು ಮತ್ತೆ ಒಳಗೆ ಕರೆತರಲು ನಮಗೆ ನಾಲ್ಕು ತಲೆಮಾರು ಹಿಡಿಯಿತು.

ಹೊರಡುವ ಮುನ್ನ ಮಾಳವ್ವ ಕೇಳಿದಳು: “ಮುಂದಿನ ತಿಂಗಳ ನಾವು ತೆಲಂಗಾಣದಾಗ ಇರ್ತೀವಿ. ಈಕಿಗೆ ಮತ್ತ ಹಿಂಗಾದ್ರ ಅಲ್ಲಿನವರಿಗೆ ಹೆಂಗ ತಿಳೀತೈತಿ?”

“ಲಗಮವ್ವ ಒಪ್ಪಿದ್ರ ತಿಳೀತೈತಿ. ಒಪ್ಪದಿದ್ರೂ ನಾವು ಔಷಧ ಕೊಡ್ತೀವಿ.”

ಮಂಚದ ಮೇಲಿಂದ ಲಗಮವ್ವ ಸಣ್ಣ ದನಿಯಲ್ಲಿ ಹೇಳಿದಳು: “ರಕ್ತದ್ದಷ್ಟ ಬರಕೋ ಅಕ್ಕಾ. ಉಳಿದದ್ದು ಆಮ್ಯಾಲ ನೋಡೂಣು.” ಮಾಳವ್ವ ತಡೆಯಲಿಲ್ಲ. ರಕ್ತ ಪರೀಕ್ಷೆಗೆ ತನ್ನ ಕೈಯನ್ನೂ ಚಾಚಿದಳು. ಒಂದೇ ಮನೆತನದ ರಕ್ತ. ಅವಳದೂ ಬಾಂಬೆ ಗುಂಪೇ ಆಗಿತ್ತು. ಅದನ್ನು ರಕ್ತಬಳಗಕ್ಕೆ ತೆರೆದಿಡಲು ಅವಳು ಒಪ್ಪಿದಳು.

ಮರುವರ್ಷ ಲಗಮವ್ವ ಮತ್ತೆ ಬಸುರಿಯಾದಳು. ಹಿಂಡು ಮಹಬೂಬನಗರದ ಹತ್ತಿರವಿದ್ದಾಗ ಹೆರಿಗೆಯ ದಿನ ಸಮೀಪಿಸಿತು. ಅಲ್ಲಿಯ ದಾದಿ ಅವಳನ್ನು ಹಿಂದೆಂದೂ ಕಂಡವಳಲ್ಲ, ಕನ್ನಡವೂ ಬಾರದು. ಆದರೂ ಹೊಂದುವ ರಕ್ತವನ್ನು ತರಿಸಿ ಮೊದಲೇ ಸಿದ್ಧವಾಗಿಟ್ಟಿದ್ದಳು. ಅದು ಬೇಕಾಯಿತು ಕೂಡ. ತಾಯಿ ಉಳಿದಳು, ಹೆಣ್ಣುಕೂಸು ಜೋರಾಗಿ ಅತ್ತಿತು.

ಕಳೆದ ವಾರ ರಕ್ತಬಳಗದಿಂದ ಮಾಳವ್ವನಿಗೇ ಕರೆ ಬಂತು. ಹಿಂಡು ನಮ್ಮ ಸೀಮೆಯಲ್ಲಿತ್ತು. ಕುರಿಗಳನ್ನು ಮಗನಿಗೆ ಒಪ್ಪಿಸಿ, ಸೆರಗು ಬಿಗಿದುಕೊಂಡು ಬಂದು ಮಂಚದ ಮೇಲೆ ಮಲಗಿದಳು. ಸೂಜಿ ಚುಚ್ಚುವಾಗ ಮುಖ ತಿರುವಲಿಲ್ಲ.

“ಯಾರಿಗಂತ ನೀ ಹೇಳಂಗಿಲ್ಲ, ಗೊತ್ತೈತಿ,” ಎಂದಳು. “ಬಿಸಲೇರೂದ್ರಾಗ ಮುಟ್ಟಿಸು.”

ಮುಟ್ಟಿಸಿದೆವು. ಅದನ್ನು ಪಡೆದವರು ಬದುಕಿದ್ದಾರೆ ಎಂಬ ಸುದ್ದಿ ಇಂದು ಬಂದಿದೆ. ಮಾಳವ್ವನಿಗೆ ಹೇಳಲು ನಾನೀಗ ಅವಳ ಹಿಂಡು ತರುಬಿರುವ ಹೊಲಕ್ಕೆ ಹೊರಟಿದ್ದೇನೆ. ನಿಮಗೂ ತಿಳಿದಿರಲಿ.

ಇಂತು,
ಶಾಹೀನ್