ಟವೆಲ್ ಕೆಳಗಿನ ರೇಟು

ಜುಲೈ 14, ಸೋಮವಾರ

ಮೌನದ ಎಂಟನೇ ದಿನ. ಹುಬ್ಬಳ್ಳಿ ಡಾಕ್ಟರು ಹೇಳಿದ್ದು ಆರು ವಾರ. ಪಿಸುಮಾತೂ ಕೂಡದಂತೆ. ಗಂಟಲಲ್ಲಿ ಗಂಟು. ಶಿಗ್ಗಾಂವಿಯಲ್ಲಿ ಇಪ್ಪತ್ತಾರು ವರ್ಷ ಅರ್ಥಶಾಸ್ತ್ರ ಒದರಿದ್ದರ ಫಲ. ಮೈಕ್ ಬೇಡದ ಪದ್ಮಜಾ ಮೇಡಂ ಅಂತ ಮೆರೆದದ್ದೇನು ಕಡಿಮೆಯೇ!

ರಜೆ ಹಾಕಲಿಲ್ಲ. ಹಾಕಿದರೆ ಸೆಕೆಂಡ್ ಪಿಯು ಪಾಠ ಯಾರು ಮಾಡೋದು? ಈಗ ಪಾಡ್‌ಕಾಸ್ಟ್. ಹಿಂದಿನ ಬೆಂಚಿನ ಹುಡುಗ ಮುಜಮ್ಮಿಲ ತನ್ನ ಸ್ಪೀಕರ್ ಟೇಬಲ್ ಮೇಲೆ ಇಡುತ್ತಾನೆ. ಹದಿನೈದು ನಿಮಿಷ ಕೇಳಿಸೋದು, ಆಮೇಲೆ ನಾನು ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆಯೋದು, ಅವರು ಚರ್ಚೆ ಮಾಡೋದು. ಇವತ್ತು ಬೇಡಿಕೆ ನಿಯಮ. ಪಾಡ್‌ಕಾಸ್ಟಿನವನು "ಫ್ರೆಂಡ್ಸ್, ನೀವು ಮಾಲ್‌ಗೆ ಹೋದಾಗ" ಅಂದ. ಕ್ಲಾಸೆಲ್ಲ ನಗು. ಒಂದು ಪ್ರಶ್ನೆಗೂ ಸರಿಯಾದ ಉತ್ತರ ಬರಲಿಲ್ಲ.

ಮನೆಯಲ್ಲಿ ಅವ್ವ: "ಮನಿ ಎಷ್ಟು ಶಾಂತ ಆಗ್ಯದ ನೋಡು. ಆ ಡಾಕ್ಟರಗ ಒಂದು ನಮಸ್ಕಾರ ಹೇಳು." ಹೇಳೋದು ಹೇಗೆ!

ಜುಲೈ 19, ಶನಿವಾರ

ಹೊಸ ಐಡಿಯಾ. ಬೋರ್ಡಿನ ಮೇಲೆ ಬರೆದೆ — ಇನ್ನು ಮುಂದೆ ಪಾಡ್‌ಕಾಸ್ಟ್ ನಿಮ್ಮದೇ. ನಿಮ್ಮೂರಲ್ಲಿ ಎಲ್ಲಿ ಬೆಲೆ ನಿಗದಿ ಆಗುತ್ತದೋ ಅಲ್ಲಿ ಹೋಗಿ ಐದು ನಿಮಿಷ ರೆಕಾರ್ಡ್ ಮಾಡಿ ತನ್ನಿ.

ಹಿರೇಬೆಂಡಿಗೇರಿಯ ನೀಲಾಂಬಿಕಾ ಎದ್ದು, "ಮೇಡಂ, ಎತ್ತಿನ ಪ್ಯಾಟಿ ನಡೀತೈತೇನ್ರಿ?" ಅಂದಳು. ಒಂದು ವರ್ಷದಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ. ನಾನು ಸುಮ್ಮನಾದ ಮೇಲೆ ಅವಳಿಗೆ ಬಾಯಿ ಬಂತು. ಖುಷಿಯೂ ಆಯಿತು, ಸ್ವಲ್ಪ ಚುಚ್ಚಿತು ಕೂಡ.

ಜುಲೈ 25, ಶುಕ್ರವಾರ

ನೀಲಾಂಬಿಕಾಳ ರೆಕಾರ್ಡಿಂಗ್. ಶುರುವಿನಲ್ಲಿ ಅವಳ ದನಿ, ಸ್ಪಷ್ಟ: "ಇದು ನಮ್ಮಪ್ಪ ಶಂಭುಲಿಂಗಪ್ಪನ ದಂಧೆ. ಎತ್ತಿನ ದಲಾಲಿ." ಆಮೇಲೆ ಗಂಟೆ ಸದ್ದು, ಕೆಮ್ಮು, "ಹಿಡೀರಿ", "ಊಂಹೂಂ", "ಬಿಡ್ರಿ, ಆಗೂದಿಲ್ಲ"... ನಾಲ್ಕು ನಿಮಿಷ ಇದೇ. ರೇಟು ಒಂದು ಸಲವೂ ಇಲ್ಲ.

"ಏ, ರೇಟ್ ಎಲ್ಲೈತಿ?" ಅಂದ ಮುಜಮ್ಮಿಲ.

"ಟವೆಲ್ ಕೆಳಗ. ಬೆರಳು ಹಿಡ್ದು ಕೇಳ್ತಾರ, ಎಷ್ಟು ಬೆರಳೋ ಅಷ್ಟು ರೇಟ್. ಬಾಯಿಲೇ ಹೇಳಂಗಿಲ್ಲ."

ಬೆಲೆ ಹುಟ್ಟುವುದನ್ನು ಕೇಳಿಸಲು ಹೋಗಿ, ಸದ್ದೇ ಇಲ್ಲದ ವ್ಯಾಪಾರ ರೆಕಾರ್ಡ್ ಮಾಡಿ ತಂದಿದ್ದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಅಲ್ಲಿಗೇ ಬಿಡಬೇಕಿತ್ತು. ನನಗೆ ಜಾಣತನ ಉಕ್ಕಿತು. ದೊಡ್ಡ ಅಕ್ಷರದಲ್ಲಿ ಬರೆದೆ — "ಬೆಲೆ ಮುಚ್ಚಿಟ್ಟು ದಲ್ಲಾಳಿ ಯಾರಿಗೆ ಮೋಸ ಮಾಡುತ್ತಾನೆ?"

ಪಠ್ಯಪುಸ್ತಕದ ಮಧ್ಯವರ್ತಿ ಮಾತ್ರ ತಲೆಯಲ್ಲಿದ್ದ. ಹಿಂದಿನ ಬೆಂಚಿನಿಂದ "ಎತ್ತು ಕೊಡಾವಗ!" "ಕೊಳ್ಳಾವಗ!" "ಇಬ್ರಿಗೂ!" ಅಂತ ಕೂಗು. ಭರ್ಜರಿ ಚರ್ಚೆ ಅಂತ ಹಿಗ್ಗಿದೆ. ತಿರುಗಿ ನೋಡಿದರೆ ನೀಲಾಂಬಿಕಾ ತಲೆ ತಗ್ಗಿಸಿ ಕೂತಿದ್ದಳು.

ದನಿ ಇದ್ದಿದ್ದರೆ ಒಂದು ಮಾತು ಸೇರಿಸಿ ತಿಳಿ ಮಾಡುತ್ತಿದ್ದೆ. ಗಂಟೆ ಹೊಡೆಯಿತು. ಪ್ರಶ್ನೆ ಬೋರ್ಡಿನ ಮೇಲೆ ಹಾಗೇ ಉಳಿಯಿತು.

ಜುಲೈ 26

ನೀಲಾಂಬಿಕಾ ಬರಲಿಲ್ಲ.

ಆಗಸ್ಟ್ 2, ಶನಿವಾರ

ಇವತ್ತೂ ಇಲ್ಲ. ಮೆಸೇಜ್ ಹಾಕಿದೆ. ಎರಡು ನೀಲಿ ಗೆರೆ ಬಂದವು, ಉತ್ತರ ಇಲ್ಲ. ಫೋನ್ ಮಾಡೋಣವೆಂದರೆ ಯಾವ ಬಾಯಿಂದ? ಕಾಲೇಜು ಬಿಟ್ಟು ಟೈಲರಿಂಗ್ ಕ್ಲಾಸಿಗೆ ಸೇರುತ್ತಾಳಂತೆ, ಮುಜಮ್ಮಿಲ ಹೇಳಿದ.

ಆಗಸ್ಟ್ 5, ಮಂಗಳವಾರ — ಸಂಜೆ

ಎತ್ತಿನ ಪೇಟೆಗೆ ಹೋಗಿಬಂದೆ. ಕೈಯಲ್ಲಿ ನೋಟ್‌ಬುಕ್, ಸೀರೆಗೆಲ್ಲ ಕೆಸರು. ಶಂಭುಲಿಂಗಪ್ಪ ನನ್ನನ್ನು ನೋಡಿದ ಕೂಡಲೇ, "ಬರ್ರಿ ಮೇಡಂ, ಕುಂದರ್ರಿ," ಅಂತ ಹುಲ್ಲಿನ ಹೊರೆ ತೋರಿಸಿದರು. ನೋಟ್‌ಬುಕ್ಕಿನಲ್ಲಿ ಬರೆದೆ: ತಪ್ಪು ನನ್ನದು. ತುಟಿ ಆಡಿಸುತ್ತ ನಿಧಾನ ಓದಿದರು. ಸಿಟ್ಟು ಮಾಡಲಿಲ್ಲ. ಅದೇ ಕಷ್ಟವಾಯಿತು.

"ನೋಡ್ರಿ, ಒಬ್ಬಾಂವ ಎತ್ತು ಹೊಡ್ಕೊಂಡು ಬಂದಿರ್ತಾನ. ಯಾರೋ ಬಂದು ಅರ್ಧಾ ರೇಟ್ ಕೇಳ್ತಾನ. ಬಾಯಿಲೇ ಕೇಳಿದ್ರ ನಾಕು ಮಂದಿ ಮುಂದ ಮಾನ ಹೋತು. ಆಮ್ಯಾಲ ಬಂದಾವನೂ ಅಲ್ಲಿಂದನ ಸುರು ಮಾಡ್ತಾನ. ಟವೆಲ್ ಕೆಳಗ ಕೇಳಿದ್ದು ಅಲ್ಲೇ ಮುಗೀತೈತಿ. ಮೋಸ ಮಾಡಾವ್ರು ಅದಾರ, ಇಲ್ಲ ಅನ್ನಂಗಿಲ್ಲ. ಆದ್ರ ಟವೆಲ್ ಹಾಕೂದು ಅದಕ್ಕಲ್ರಿ."

ಒಪ್ಪಿಗೆ ಆದರೆ ಹೇಗೆ, ಅಂತ ಬರೆದು ಕೇಳಿದೆ. ತಮ್ಮ ಕೈಯನ್ನೇ ತಾವು ಹಿಡಿದು ತೋರಿಸಿದರು. "ಇಡೀ ಅಂಗೈ ಹಿಡ್ದು ಒಮ್ಮೆ ಗಟ್ಟಿ ಒತ್ತೂದು. ವ್ಯಾಪಾರ ಮುಗೀತು. ಹೊಳ್ಳಿ ಮಾತಿಲ್ಲ."

ಇಪ್ಪತ್ತಾರು ವರ್ಷ ಸಮತೋಲನ ಬೆಲೆಯ ಗೆರೆ ಎಳೆದಿದ್ದೇನೆ. ಮಾನದ ಲೆಕ್ಕ ಆ ಗೆರೆಯಲ್ಲಿ ಎಲ್ಲೂ ಇರಲಿಲ್ಲ.

ಮಗಳನ್ನು ಕಳಿಸಿ, ಅಂತ ಬರೆದೆ. ಅವರು ನೋಟ್‌ಬುಕ್ ವಾಪಸ್ ಕೊಟ್ಟರು. "ಇದನ್ನ ನನಗ ತೋರ್ಸಿ ಏನು ಬಂತ್ರಿ? ನೀವು ಕೇಳಿದ್ದು ನಾಕು ಮಂದಿ ಮುಂದ."

ಖರೆ. ಇನ್ನೊಂದು ಸಾಲು ಬರೆದು ಹಾಳೆ ಹರಿದು ಕೊಟ್ಟೆ — 18ಕ್ಕೆ ನನ್ನ ಮೌನ ಮುಗಿಯುತ್ತದೆ. ಅವತ್ತು ಒಂದು ದಿನ ಬಾ ಅನ್ನಿ. ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡರು. "ಹೇಳತೇನಿ. ಬರ್ತಾಳ ಅಂತ ಹೇಳಾಕಾಗೂದಿಲ್ಲ."

ಆಗಸ್ಟ್ 17, ಭಾನುವಾರ

ಡಾಕ್ಟರು ನೋಡಿದರು. ಗಂಟು ಕರಗಿದೆ. ನಾಳೆಯಿಂದ ದಿನಕ್ಕೆ ಐದೇ ನಿಮಿಷ, ಮೆಲ್ಲಗೆ. ದನಿ ಮೊದಲಿನ ಹಾಗೆ ಬರುತ್ತದೆ ಅಂತ ಖಾತ್ರಿ ಕೊಡಲಿಲ್ಲ.

ನಾಳೆಯ ಮಾತನ್ನು ಮನಸ್ಸಿನಲ್ಲೇ ನೂರು ಸಲ ಹೇಳಿಕೊಂಡೆ. ಅವ್ವನ ಜೊತೆ ಮಾತಾಡಿ ದನಿ ಪರೀಕ್ಷೆ ಮಾಡಬಹುದಿತ್ತು. ಬೇಡ, ಮೊದಲ ಮಾತು ನೀಲಾಂಬಿಕಾಳಿಗೆ. ಹೆದರಿಕೆ ಆಗುತ್ತಿದೆ. ಬರದೇ ಹೋದರೆ? ಅವಳು... ಅಥವಾ ದನಿ.

ಆಗಸ್ಟ್ 18, ಸೋಮವಾರ

ಬಂದಿದ್ದಳು. ಬಾಗಿಲ ಹತ್ತಿರದ ಬೆಂಚು, ಬ್ಯಾಗು ಹೆಗಲಿನಿಂದ ಇಳಿಸಿರಲಿಲ್ಲ. ಬೋರ್ಡಿನ ಮೇಲೆ ಅದೇ ಪ್ರಶ್ನೆ ಮತ್ತೆ ಬರೆದೆ, ಅದೇ ದೊಡ್ಡ ಅಕ್ಷರ. ಎಲ್ಲರೂ ಓದಿದ ಮೇಲೆ ಅಡ್ಡ ಗೆರೆ ಎಳೆದೆ. ಬಾಯಿ ತೆರೆದೆ.

"ನೀಲಾಂಬಿಕಾ, ಈ ಪ್ರಶ್ನಿ ತಪ್ಪು. ನಿಮ್ಮಪ್ಪನ ಮಾನ ನಾನು—"

ಅಷ್ಟೇ. ಆಮೇಲೆ ಬಂದದ್ದು ಬರೀ ಗಾಳಿ. ಒಮ್ಮೆ ಕೆಮ್ಮಿದೆ, ಮತ್ತೆ ಗಾಳಿ. ಯಾರೂ ನಗಲಿಲ್ಲ. ಕಣ್ಣು ತುಂಬಿ ಬಂತು, ಎಲ್ಲರೂ ನೋಡಿದರು, ನೋಡಲಿ.

ಅವಳು ಎದ್ದಳು. ಹೊರಗೆ ಹೋಗುತ್ತಾಳೆ ಅಂದುಕೊಂಡೆ. ಟೇಬಲ್ಲಿನ ಹತ್ತಿರ ಬಂದು ದುಪಟ್ಟಾದ ಸೆರಗು ನನ್ನ ಕೈ ಮೇಲೆ ಹಾಕಿದಳು. ಕೆಳಗೆ ಒಂದು ಬೆರಳು ಹಿಡಿದಳು. ಬಿಟ್ಟಳು. ನಾನು ಕಾದೆ.

ಹಿಂದಿನಿಂದ ಮುಜಮ್ಮಿಲ: "ಎಷ್ಟಕ್ಕ ಆತ್ರೀ ಮೇಡಂ?"

ನೀಲಾಂಬಿಕಾ ಅವನ ಕಡೆ ತಿರುಗಲಿಲ್ಲ. ಬ್ಯಾಗು ಇಳಿಸಿ ನನ್ನ ಟೇಬಲ್ ಮೇಲೆ ಇಟ್ಟಳು. ಆಮೇಲೆ ದುಪಟ್ಟಾದ ಕೆಳಗೆ ನನ್ನ ಇಡೀ ಅಂಗೈ ಹಿಡಿದು ಗಟ್ಟಿಯಾಗಿ ಒಮ್ಮೆ —