ಗೇಟು ಹಾಕಿ ಬಂದವನ ಕೋರಿಕೆ

ತಿಂಗಳಿಗೊಮ್ಮೆ ನಮ್ಮನ್ನು ಊರಾಚೆ ನಡೆಸುವ ಮೇಷ್ಟ್ರಿಗೆ ನಮಸ್ಕಾರ.

ಈ ಸಲದ ನಡಿಗೆ ಚೆನ್ನಾಗಿತ್ತು. ಎಂದಿನಂತೆ ಕೊನೆಯಲ್ಲಿ ಉಳಿದು ಹೊಲದ ಗೇಟು ಹಾಕಿ ಬರುವಷ್ಟರಲ್ಲಿ ನಮ್ಮ ಬಸ್ಸು ಹೊರಟುಹೋಗಿತ್ತು. ವಾಪಸಿಗೆ ಡ್ರೈವರನ ಭಾವಮೈದನೂ ಹತ್ತಿದ್ದನಂತೆ. ತಲೆ ಎಣಿಸಿದಾಗ ನಿಮಗೆ ಲೆಕ್ಕ ಸರಿಬಂದಿರಬೇಕು. ತಪ್ಪು ನಿಮ್ಮದಲ್ಲ. ಒಂಬತ್ತು ಮೈಲಿ ನಡೆದೇ ಮನೆ ಸೇರಿದೆ. ಹೇಗೂ ನಡೆಯಲೆಂದೇ ಬಂದವನು ತಾನೆ!

ಯಾರಾದರೂ ವಿಚಾರಿಸಬಹುದೆಂದು ಎರಡು ದಿನ ಕಾದೆ. ನಿನ್ನೆ ನಿಮ್ಮ ಮನೆಯವರು ಕೋಟಿಗೆ ಗುಂಡಿ ಹೊಲಿಸಲು ನನ್ನ ಅಂಗಡಿಗೆ ಬಂದಿದ್ದರು. "ಬರ್ತಾ ಬಸ್ಸಲ್ಲಿ ಏನ್ ನಗು, ಏನ್ ಹಾಡು! ನೀವೂ ಹಾಡಿದ್ರಲ್ಲಾ?" ಎಂದರು.

ಹೂಂ ಎಂದೆ.

ಒಂದೇ ಕೋರಿಕೆ. ಮುಂದಿನ ತಿಂಗಳು ಎಲ್ಲರ ಚಹಾದ ಫ್ಲಾಸ್ಕನ್ನು ನನ್ನ ಕೈಗೇ ಕೊಡಿ. ಅದು ಕಾಣದಿದ್ದರೆ ಯಾರಾದರೂ ಹುಡುಕುತ್ತಾರೆ.

ಇಂತಿ,
ನಿಮ್ಮ ಬಳಗದವನೇ ಆದ ದರ್ಜಿ